ನರ್ಸಸ್ ಡೇಗೆ ವಿವಿಯನ್ ಬುಲ್‌ವಿಂಕಲ್ ಕಥೆ ಹೇಳೋದು ಹೇಗೆ

ಮೇ 12 ಹತ್ರ ಬಂತು ಅಂದ್ರೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚೋದು, ಪ್ರತಿಜ್ಞೆ ಹೇಳೋದು, ನೈಟಿಂಗೇಲ್ ಬಗ್ಗೆ ಒಂದು ಭಾಷಣ, ಅಲ್ಲಿಗೆ ಮುಗೀತು. ನಾನು ಪಾಠ ಮಾಡೋ ಕಡೆ ಇದರ ಜೊತೆ ಅರ್ಧ ಗಂಟೆ ಇಸ್ಕೊಂಡು, ಎರಡನೇ ಮಹಾಯುದ್ಧದಲ್ಲಿ ಜಪಾನಿಗಳ ಕೈಗೆ ಸೆರೆ ಸಿಕ್ಕಿದ್ದ ಆಸ್ಟ್ರೇಲಿಯಾದ ಆರ್ಮಿ ನರ್ಸ್ ವಿವಿಯನ್ ಬುಲ್‌ವಿಂಕಲ್ ಕಥೆ ಹೇಳ್ತೀನಿ. ಮೊದಲನೇ ಸಲ ಹೇಳಿದಾಗ ಬೀಚಲ್ಲಿ ಜಪಾನಿ ಸೈನಿಕರು ನರ್ಸ್‌ಗಳ ಮೇಲೆ ಗುಂಡು ಹಾರಿಸಿದ್ದನ್ನೇ ಹೇಳಿ ಮುಗಿಸಿಬಿಟ್ಟೆ, ಹುಡುಗೀರು ಅತ್ತರು, ಆದ್ರೆ ಆಮೇಲೆ ಅವರು ಮೂರೂವರೆ ವರ್ಷ ಸೆರೆಯಲ್ಲಿ ಏನು ಮಾಡಿದ್ರು ಅಂತ ಕೇಳಿದ್ರೆ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಪ್ರಕಾರ ಅವರ ನರ್ಸಿಂಗ್ ಇರೋದೇ ಆ ಬೀಚಿನ ಆಚೆಗೆ. ಅದಕ್ಕೆ ನೀವೂ ಹೇಳೋದಾದ್ರೆ ಹೀಗೆ ಹೇಳಿ ನೋಡಿ.

ಶುರು ಮಾಡೋಕೆ ಮುಂಚೆ ಬೋರ್ಡ್ ಮೇಲೆ ದೊಡ್ಡದಾಗಿ 65 ಅಂತ ಬರೀರಿ. 1942ರ ಫೆಬ್ರವರಿ 12ಕ್ಕೆ ಸಿಂಗಾಪುರದಿಂದ ವೈನರ್ ಬ್ರೂಕ್ ಅನ್ನೋ ಹಡಗು ಹತ್ತಿದ ಆಸ್ಟ್ರೇಲಿಯನ್ ನರ್ಸ್‌ಗಳು ಅಷ್ಟು ಜನ, ಇನ್ನು ಮೂರೇ ದಿನಕ್ಕೆ ಸಿಂಗಾಪುರ ಜಪಾನ್ ಕೈಗೆ ಹೋಯ್ತು. 14ನೇ ತಾರೀಕು ಈಗಿನ ಇಂಡೋನೇಷ್ಯಾದ ಬಾಂಗ್ಕಾ ಜಲಸಂಧಿಯಲ್ಲಿ ಜಪಾನಿ ವಿಮಾನಗಳು ಬಾಂಬ್ ಹಾಕಿ ಹಡಗು ಮುಳುಗಿಸಿದ್ವು, 12 ಜನ ಸಮುದ್ರದಲ್ಲೇ ಹೋದ್ರು, 31 ಜನ ಹೇಗೋ ದಡ ಸೇರಿ ಸೆರೆ ಸಿಕ್ಕಿದ್ರು, 22 ಜನ ಬಾಂಗ್ಕಾ ದ್ವೀಪದ ರಾಡ್ಜಿ ಬೀಚ್ ತಲುಪಿದ್ರು. 16ಕ್ಕೆ ಆ 22ರಲ್ಲಿ 21 ಜನರನ್ನ ಕೊಂದ್ರು. ಉಳಿದದ್ದು ವಿವಿಯನ್ ಒಬ್ಬರೇ. 31ಕ್ಕೆ ಒಂದು ಸೇರಿಸಿ 32 ಅಂತ ಬರೀರಿ, ಸೆರೆಯಲ್ಲಿದ್ದವರು ಅವರು. ಅದರಲ್ಲಿ ಸೆರೆಯಲ್ಲೇ ಸತ್ತ 8 ಜನರನ್ನ ಕಳೀರಿ. ಮನೆ ಸೇರಿದ್ದು 24. ಈ ಲೆಕ್ಕ ಬೋರ್ಡ್ ಮೇಲೆ ಹಾಗೇ ಇರಲಿ, ಅಳಿಸಬೇಡಿ, ಹಡಗು ಮುಳುಗಿದ್ದು ಯಾವತ್ತು, ಗುಂಡು ಹೊಡೆದದ್ದು ಯಾವತ್ತು ಅಂತ ಮಕ್ಕಳು ಕಲಸಿಕೊಂಡಾಗ ತೋರಿಸೋಕೆ ಬೇಕಾಗುತ್ತೆ.

ಬಾಲ್ಯ ಎಲ್ಲ ಎರಡು ಮಾತಲ್ಲಿ ಮುಗಿಸಿ. 1915ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಪುಂಡಾದಲ್ಲಿ ಹುಟ್ಟಿದ್ದು, ಬ್ರೋಕನ್ ಹಿಲ್‌ನಲ್ಲಿ ಟ್ರೈನಿಂಗ್. ಏರ್‌ಫೋರ್ಸ್‌ನವರು ಪಾದ ಚಪ್ಪಟೆ ಅಂತ ತಗೊಳ್ಳಲಿಲ್ಲ, ಆರ್ಮಿ ತಗೊಳ್ತು. ಇದು ಮಾತ್ರ ಹೇಳಿ, ಮೆಡಿಕಲ್‌ನಲ್ಲಿ ರಿಜೆಕ್ಟ್ ಆದ ಹುಡುಗೀರು ಕ್ಲಾಸಲ್ಲಿ ಇರ್ತಾರೆ.

ಬೀಚ್ ಭಾಗ ಹೇಳುವಾಗ ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಐರೀನ್ ಡ್ರಮಂಡ್ ಮಾಡಿದ ತೀರ್ಮಾನದ ಹತ್ರ ನಿಂತ್ಕೊಳ್ಳಿ. ಹಡಗಿನ ಒಬ್ಬ ಆಫೀಸರ್ ಶರಣಾಗ್ತೀವಿ ಅಂತ ಹೇಳೋಕೆ ಅದೇ ದ್ವೀಪದ ಮುಂಟೋಕ್ ಊರಿಗೆ ಹೋಗಿದ್ರು, ಹೆಂಗಸರು ಮಕ್ಕಳನ್ನ ಅದೇ ದಾರೀಲಿ ಮುಂದೆ ಕಳಿಸಿದ್ರು, ನರ್ಸ್‌ಗಳೂ ಹೋಗಬಹುದಿತ್ತು, ಆದ್ರೆ ಮರಳ ಮೇಲೆ ಗಾಯಾಳುಗಳು ಮಲಗಿದ್ರಲ್ಲ, ಅವರನ್ನ ಬಿಟ್ಟು ಹೋಗಲಿಲ್ಲ, ಅದಕ್ಕೇ ಜಪಾನಿ ಸೈನಿಕರು ಬಂದಾಗ ಇವರು ಅಲ್ಲೇ ಇದ್ರು. ಗಂಡಸರನ್ನ ಮರೆಗೆ ಕರ್ಕೊಂಡು ಹೋಗಿ ಕೊಂದ್ರು, ನರ್ಸ್‌ಗಳನ್ನ ಸಮುದ್ರದ ಕಡೆ ಮುಖ ಮಾಡಿ ನೀರಿಗೆ ನಡೀರಿ ಅಂದು ಹಿಂದಿನಿಂದ ಮೆಷಿನ್‌ಗನ್ ಹಾರಿಸಿದ್ರು. ವಿವಿಯನ್‌ಗೆ ಎಡ ಸೊಂಟದ ಮೇಲೆ ಗುಂಡು ಬಿದ್ದು ಆಚೆ ಬಂತು, ಸತ್ತವರ ಹಾಗೆ ತೇಲ್ತಾ ಇದ್ದು ಉಳ್ಕೊಂಡ್ರು. ಇಷ್ಟು ಸಾಕು, ವರ್ಣನೆ ಬೇಡ.

ಇನ್ನೊಂದು ಕಷ್ಟದ ವಿಷಯ ಇದೆ. ಕೊಲ್ಲೋಕೆ ಮುಂಚೆ ನರ್ಸ್‌ಗಳ ಮೇಲೆ ಅತ್ಯಾಚಾರ ಆಗಿತ್ತು, ಅದನ್ನ ಹೇಳಬಾರದು ಅಂತ ಮೇಲಿನವರು ವಿವಿಯನ್ ಅವರ ಬಾಯಿ ಮುಚ್ಚಿಸಿದ್ರು ಅಂತ ಇತಿಹಾಸಕಾರ್ತಿ ಲಿನೆಟ್ ಸಿಲ್ವರ್ 2019ರಲ್ಲಿ ಬರೆದಿದ್ದಾರೆ. ಮುಚ್ಚಿಡಬೇಡಿ, ಒಂದೇ ವಾಕ್ಯದಲ್ಲಿ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ನೈಟ್ ಡ್ಯೂಟಿ ಮಾಡೋ ಹುಡುಗೀರಿಗೆ ನಾವು ಬಿಡಿಸಿ ಹೇಳೋದು ಏನೂ ಇರಲ್ಲ.

ಈಗ ಸಮಯ ತಗೊಳ್ಳಿ. ಬೀಚಿಂದ ತಪ್ಪಿಸಿಕೊಂಡ ಮೇಲೆ ಕಾಡಲ್ಲಿ ವಿವಿಯನ್‌ಗೆ ಕಿಂಗ್ಸ್ಲಿ ಅನ್ನೋ ಬ್ರಿಟಿಷ್ ಸಿಪಾಯಿ ಸಿಕ್ಕಿದ್ರು, ಅವರಿಗೂ ತುಂಬಾ ಗಾಯ ಆಗಿತ್ತು. ತನ್ನ ಸೊಂಟದಲ್ಲಿ ಗುಂಡಿನ ತೂತು ಇಟ್ಕೊಂಡೇ ಈಯಮ್ಮ 12 ದಿನ ಆ ಮನುಷ್ಯನ ಆರೈಕೆ ಮಾಡಿದ್ರು, ಊಟಕ್ಕೆ ಹತ್ತಿರದ ಹಳ್ಳಿಗೆ ಹೋದ್ರೆ ಗಂಡಸರು ಆಗಲ್ಲ ಅಂದ್ರು, ಹೆಂಗಸರು ಕದ್ದು ಅನ್ನ ತಂದುಕೊಟ್ರು. ಕೊನೆಗೆ ಶರಣಾಗೋಣ ಅಂತ ನಿರ್ಧಾರ ಮಾಡಿದಾಗ ಕಿಂಗ್ಸ್ಲಿ ಇನ್ನೊಂದು ದಿನ ತಡೀರಿ ಅಂದ್ರಂತೆ, ನನ್ನ ಹುಟ್ಟಿದಹಬ್ಬ, ಆ ಒಂದು ದಿನ ಸ್ವತಂತ್ರವಾಗಿ ಇರ್ತೀನಿ ಅಂತ. ವಿವಿಯನ್ ಒಂದು ದಿನ ಕಾದ್ರು. ಶರಣಾದ ಸ್ವಲ್ಪ ದಿನಕ್ಕೇ ಕಿಂಗ್ಸ್ಲಿ ತೀರಿಕೊಂಡ್ರು.

ಇಲ್ಲಿ ಒಂದು ನೀರಿನ ಬಾಟಲಿ ಬೇಕು, ಉದ್ದ ಬೆಲ್ಟ್ ಇರೋದು. ಒಬ್ಬ ಹುಡುಗಿಯನ್ನ ಎಬ್ಬಿಸಿ ಹೆಗಲಿಗೆ ಅಡ್ಡ ಹಾಕಿಸಿ, ಬಾಟಲಿ ಸರಿಯಾಗಿ ಎಡ ಸೊಂಟದ ಮೇಲೆ ಕೂರೋ ಹಾಗೆ. ವಿವಿಯನ್ ಹೀಗೇ ಮಾಡಿದ್ದು, ಯೂನಿಫಾರ್ಮಿನ ಗುಂಡಿನ ತೂತು ಕಾಣಬಾರದು ಅಂತ. ಕ್ಯಾಂಪಿನಲ್ಲಿ ಉಳಿದ 31 ಜನ ಗೆಳತಿಯರಿಗೆ ವಿಷಯ ಹೇಳಿದ ಮೇಲೆ ಎಲ್ಲರೂ ಬಾಯಿ ಬಿಡಬಾರದು ಅಂತ ಮಾತಾಡಿಕೊಂಡ್ರು, ಸಾಕ್ಷಿ ಇದ್ದಾಳೆ ಅಂತ ಗೊತ್ತಾದ್ರೆ ಅವರನ್ನೂ ಕೊಲ್ತಾರೆ ಅಂತ ಭಯ. ಅಷ್ಟು ಜನ ಮೂರೂವರೆ ವರ್ಷ ಆ ಗುಟ್ಟು ಕಾಪಾಡಿದ್ರು. ಆ ಯೂನಿಫಾರ್ಮ್ ಈಗ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿದೆ.

ಕ್ಯಾಂಪ್ ಬದುಕನ್ನ ಪಾಠದ ಜೊತೆ ಜೋಡಿಸಿದ್ರೆ ತಲೆಗೆ ಹೋಗುತ್ತೆ. ಅವರನ್ನ ಇಟ್ಟಿದ್ದ ಕ್ಯಾಂಪ್‌ಗಳು: ಮುಂಟೋಕ್, ಪಾಲೆಂಬಾಂಗ್, ಮತ್ತೆ ಮುಂಟೋಕ್, ಕೊನೆಗೆ ಬೆಲಲಾವ್. ಮಲೇರಿಯಾ, ರಕ್ತಭೇದಿ, ಬೆರಿಬೆರಿ. ಬೆರಿಬೆರಿ ಯಾಕೆ ಬರುತ್ತೆ ಅಂತ ಮಕ್ಕಳನ್ನೇ ಕೇಳಿ, ಬಿ1 ಕೊರತೆ ಅಂತ ಪಟ್ ಅಂತ ಹೇಳ್ತಾರೆ, ಆಗ ಇವರಿಗೆ ಸಿಗ್ತಿದ್ದದ್ದು ಹಿಡಿ ಅಕ್ಕಿ ಅಂತ ಹೇಳಿ. ಔಷಧಿ ಇಲ್ಲದಿದ್ರೆ ನರ್ಸ್ ಕೈಲಿ ಏನಾಗುತ್ತೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಮೈ ಒರೆಸೋದು, ನೀರು ಹೊರೋದು, ಸೌದೆ ಸೀಳೋದು, ಪಕ್ಕದಲ್ಲಿ ಕೂರೋದು, ಸತ್ತವರಿಗೆ ಗುಂಡಿ ತೋಡೋದು, ಇದೆಲ್ಲ ಮಾಡಿದ್ರು ಅವರು.

ಪಾಲೆಂಬಾಂಗ್‌ನ ಹಾಡಿನ ವಿಷಯ ಬಿಡಬೇಡಿ. ಮಾರ್ಗರೆಟ್ ಡ್ರೈಬರ್ಗ್, ನೋರಾ ಚೇಂಬರ್ಸ್ ಅನ್ನೋ ಇಬ್ಬರು ಸೆರೆಯಾಳುಗಳು ಆರ್ಕೆಸ್ಟ್ರಾ ಸಂಗೀತವನ್ನ ನೆನಪಿನಿಂದಲೇ ಬರೆದು, ವಾದ್ಯ ಇಲ್ಲದೆ ಬರೀ ಹೆಂಗಸರ ದನಿಯಲ್ಲಿ, ಪದ ಇಲ್ಲದೆ ಹಾಡಿಸಿದ್ರು, ಮೊದಲ ಕಛೇರಿ 1943ರ ಡಿಸೆಂಬರ್ 27. 1945ರ ಹೊತ್ತಿಗೆ ಎಷ್ಟೋ ಜನ ಹಾಡುಗಾರ್ತಿಯರು ಸತ್ತು ಅದು ನಿಂತೇಹೋಯ್ತು. ಎರಡು ನಿಮಿಷ ಇಡೀ ಕ್ಲಾಸ್ ಬಾಯಿ ಮುಚ್ಚಿ ಗುನುಗಲಿ, ಗೊತ್ತಿರೋ ಯಾವುದಾದ್ರೂ ಧಾಟಿ.

ಎಂಟು ನರ್ಸ್‌ಗಳು ಸತ್ತದ್ದು ಎಲ್ಲಾ 1945ರಲ್ಲಿ. ಕೊನೆಯವರು ಪರ್ಲ್ ಮಿಟಲ್‌ಹಾಯ್ಸರ್, ಆಗಸ್ಟ್ 18ಕ್ಕೆ. ಜಪಾನ್ ಶರಣಾಗಿದ್ದು 15ಕ್ಕೆ, ಕ್ಯಾಂಪಿನವರಿಗೆ ಯುದ್ಧ ಮುಗೀತು ಅಂತ ಹೇಳಿದ್ದು 24ಕ್ಕೆ. ಮೂರೂ ತಾರೀಕು ಬೋರ್ಡ್ ಮೇಲೆ ಒಂದರ ಕೆಳಗೊಂದು ಬರೀರಿ, ನೀವೇನೂ ಹೇಳಬೇಕಾಗಿಲ್ಲ.

ಆಮೇಲಿನ ಬದುಕು ಬೇಗ ಹೇಳಿದ್ರೂ ನಡೆಯುತ್ತೆ: 1946ರಲ್ಲಿ ಜಪಾನಿಗಳ ಯುದ್ಧಾಪರಾಧ ವಿಚಾರಣೆ ಮಾಡಿದ ಟೋಕಿಯೋ ಟ್ರಿಬ್ಯೂನಲ್ ಮುಂದೆ ಸಾಕ್ಷಿ, 1947ರಲ್ಲಿ ನೈಟಿಂಗೇಲ್ ಪದಕ, ಮೆಲ್ಬರ್ನ್‌ನ ಫೇರ್‌ಫೀಲ್ಡ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ 1961ರಿಂದ 1977ರವರೆಗೆ ಮೇಟ್ರನ್, 1993ರಲ್ಲಿ ಬಾಂಗ್ಕಾಗೆ ವಾಪಸ್ ಹೋಗಿ ಗೆಳತಿಯರ ಸ್ಮಾರಕ ಅನಾವರಣ, 2000ದಲ್ಲಿ ನಿಧನ. 2023ರಲ್ಲಿ ಕ್ಯಾನ್‌ಬೆರಾದಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ರು, ಅದರ ಪೀಠದಲ್ಲಿ ಬೀಚಲ್ಲಿ ಸತ್ತ ಹೆಂಗಸರಿಗೆ ಒಂದೊಂದರ ಹಾಗೆ 22 ಸ್ಟೀಲ್ ಬಿಲ್ಲೆಗಳಿವೆ, 1942ರ ಫೆಬ್ರವರಿ 16ರ ರಾತ್ರಿ ಆಕಾಶದಲ್ಲಿ ನಕ್ಷತ್ರಗಳಿದ್ದ ಹಾಗೆ ಕೂರಿಸಿದ್ದಾರೆ. ಬೋರ್ಡಲ್ಲಿ 21 ಅಂತಿದೆಯಲ್ಲ ಮೇಡಂ ಅಂತ ಕೇಳ್ತಾರೆ, ನರ್ಸ್‌ಗಳ ಜೊತೆ ಒಬ್ಬ ನಾಗರಿಕ ಹೆಂಗಸೂ ಆ ಬೀಚಲ್ಲಿ ಸತ್ತರು, ಅದಕ್ಕೆ 22.

ನಿಮಗೆ ಹತ್ತೇ ನಿಮಿಷ ಕೊಟ್ರೆ ಪದಕ, ಟ್ರೈನಿಂಗ್, ಪ್ರತಿಮೆ ಎಲ್ಲ ಬಿಟ್ಟುಬಿಡಿ. ಕಿಂಗ್ಸ್ಲಿ, ನೀರಿನ ಬಾಟಲಿ, ಆಗಸ್ಟ್ 18, ಈ ಮೂರನ್ನ ಮಾತ್ರ ಬಿಡಬೇಡಿ.