ಗಂಜಾಂ ಮನೆಯ ಗೋಡೆ ಒಣಗಿದ್ದು ಹೀಗೆ

ಗಂಜಾಂನಲ್ಲಿ ಮನೆ, ಮೈಸೂರಿನಲ್ಲಿ ನೌಕರಿ ಎಂದರೆ ಎಲ್ಲರೂ ಮೊದಲು ಕೇಳುವುದು ಓಡಾಟದ ಬಗ್ಗೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಶ್ರೀರಂಗಪಟ್ಟಣ ನಿಲ್ದಾಣದವರೆಗೆ ಸೈಕಲ್, ಮುಂದೆ ರೈಲು. ತಿಂಗಳ ಪಾಸು ಇನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಪೆಟ್ರೋಲಿನಲ್ಲಿ ಉಳಿದ ದುಡ್ಡನ್ನೆಲ್ಲ ತಿಂದದ್ದು ಗೋಡೆ.

ಮಣ್ಣಿನಲ್ಲಿ ಕಟ್ಟಿದ ಹಳೆಯ ಇಟ್ಟಿಗೆ ಗೋಡೆಗೆ ಹಿಂದಿನವರು ಸಿಮೆಂಟು ಬಳಿಸಿದ್ದರು. ಸೊಂಟದೆತ್ತರಕ್ಕೆ ತೇವ, ಮೇಲೆ ಬಿಳಿ ಉಪ್ಪು. ನೀರು ತಡೆಯುವ ರಾಸಾಯನಿಕ ಬೆರೆಸಿ ಮತ್ತೆ ಸಿಮೆಂಟು ಹಾಕಿಸಿದೆ. ಸುಮಾರು 35,000 ಹೋಯಿತು, ಎರಡನೆಯ ಮಳೆಗಾಲಕ್ಕೆ ಉಬ್ಬಿ ಉದುರಿತು. ಟೈಲ್ಸ್ ಹಾಕಿಸಿದರೆ ತೇವ ಅದರ ನೆತ್ತಿಗೇ ಏರಿತು. ಗೋಡೆ ಕೊರೆದು ಔಷಧ ತುಂಬುವವರು ಇನ್ನೊಂದು ಇಪ್ಪತ್ತು ಸಾವಿರ ಒಯ್ದರು. ಕೆಡವಿ ಆರ್‌ಸಿಸಿ ಕಟ್ಟು ಎಂದು ನೆಂಟರೆಲ್ಲರ ಉಪದೇಶ. ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ನಿಯಂತ್ರಿತದಲ್ಲಿ ಕಟ್ಟಲು ಅನುಮತಿಗೆ ಅಲೆಯಬೇಕು.

ಸಿಮೆಂಟು ಬಿಟ್ಟು ಹಳೆಯ ಸುಣ್ಣದ ಗಾರೆ ಮಾಡುತ್ತೇನೆ ಎಂದಾಗ ಮೇಸ್ತ್ರಿ ನಕ್ಕರು. ಸಿಮೆಂಟನ್ನೆಲ್ಲ ಕಿತ್ತು, ಒಂದಿಡೀ ಬೇಸಿಗೆ ಗೋಡೆಯನ್ನು ಬೆತ್ತಲೆ ಬಿಟ್ಟೆ. ಹೆಂಡತಿ ಆ ಧೂಳನ್ನು ಸಹಿಸಿದ್ದೇ ದೊಡ್ಡದು. ಸುಣ್ಣವನ್ನು ಅರಳಿಸಿ ಎರಡು ವಾರಕ್ಕೂ ಹೆಚ್ಚು ನೀರಿನಡಿ ಇಟ್ಟೆ. ಅಂದಾಜು ಒಂದು ಪಾಲು ಸುಣ್ಣ, ಎರಡು ಮರಳು, ಒಂದು ಇಟ್ಟಿಗೆ ಪುಡಿ. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು. ಆ ನೀರಿನ ಹದ ಮಾತ್ರ ನನ್ನಲ್ಲೇ ಇರಲಿ. ತೆಳುವಾಗಿ ಮೂರು ಕೋಟು. ಬೆಳಿಗ್ಗೆ ರೈಲಿಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ ಗೋಣಿತಾಟು ನೆನೆಸುವುದು. ನಡುಹಗಲು ಒಣಗಿದರೆ ಬಿರುಕು ಖಂಡಿತ. ಹಿತ್ತಲ ಗೋಡೆಯಲ್ಲಿ ಬೆಲ್ಲದ ಬದಲು ಪಾಪಾಸುಕಳ್ಳಿ ರಸವನ್ನೂ ಪ್ರಯತ್ನಿಸಿದೆ. ನಾತ ವಿಪರೀತ, ಲಾಭ ಕಾಣಲಿಲ್ಲ. ಇರುವೆ ಮಾತ್ರ ಬರಲಿಲ್ಲ.

ಹಜಾರಕ್ಕೆ ಅರವತ್ತು ಸಾವಿರದ ಹತ್ತಿರ ಬಿತ್ತು, ಹೆಚ್ಚಿನದು ಕೂಲಿ. 2024ರ ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್‌ ಮೀರಿ ನೀರು ಬಿಟ್ಟಾಗ ನಿಮಿಷಾಂಬ ದೇವಸ್ಥಾನದ ಬಳಿ ಮೆಟ್ಟಿಲು ಮುಳುಗಿದ್ದವು. ನನ್ನ ಗೋಡೆಯ ಬುಡ ಸ್ವಲ್ಪ ಕಪ್ಪಾಯಿತು, ದೀಪಾವಳಿಯ ಹೊತ್ತಿಗೆ ತಾನೇ ಒಣಗಿತು. ಉಪ್ಪು ಮೂಡಿಲ್ಲ. ನಕ್ಕ ಮೇಸ್ತ್ರಿ ಈಗ ಗಿರಾಕಿಗಳನ್ನು ಕರೆತಂದು ಇದನ್ನೇ ತೋರಿಸುತ್ತಾರೆ. ಅಡುಗೆಮನೆಯ ಸಿಮೆಂಟು ಕೀಳುವ ಕೆಲಸ ಬಾಕಿ ಇದೆ, ಬಚ್ಚಲಿನದನ್ನು ಮುಟ್ಟುವುದಿಲ್ಲ.