ಇಂಗ್ಲೆಂಡಿನಲ್ಲಿ ಪ್ಯಾಂಕ್ರಿಯಾಸ್ ಸಿಟಿ ಸ್ಕ್ಯಾನ್: ಊರಿನ ಹಳೇ ಫೈಲು ಜೊತೆಗಿರಲಿ

ಬೇರೆ ಅಂಗದ ಕ್ಯಾನ್ಸರ್ ಪ್ಯಾಂಕ್ರಿಯಾಸ್‌ಗೆ, ಅಂದರೆ ಮೇದೋಜೀರಕ ಗ್ರಂಥಿಗೆ, ಹರಡುವುದು ಅಪರೂಪ. ಹಾಗೆ ಹರಡುವುದರಲ್ಲಿ ಕಿಡ್ನಿ ಕ್ಯಾನ್ಸರ್‌ನ ಪಾಲು ದೊಡ್ಡದು. ಕಿಡ್ನಿ ತೆಗೆಸಿ 10 ವರ್ಷ ದಾಟಿದ ಮೇಲೂ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ನೀವು ಬೆಂಗಳೂರು ಬಿಟ್ಟು ಇಲ್ಲಿಗೆ ಬಂದಿರುತ್ತೀರಿ. ಇಲ್ಲಿನ ಜಿಪಿಯ, ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್‌ನ, ದಾಖಲೆಯಲ್ಲಿ ಆ ಆಪರೇಷನ್ನಿನ ಸುಳಿವೇ ಇರುವುದಿಲ್ಲ. ನೀವು ಹೇಳದೆ ಅವರಿಗೆ ಗೊತ್ತಾಗುವುದೂ ಇಲ್ಲ.

ಇದು ಯಾಕಿಷ್ಟು ಮುಖ್ಯ? ಸ್ಕ್ಯಾನ್ ಮಾಡುವಾಗ ಕೈಯ ನರಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ ಕೊಡುತ್ತಾರೆ. ಮೈ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನ್ನಿಸುತ್ತದೆ, ಬೇಗ ಸರಿಹೋಗುತ್ತದೆ. ಪ್ಯಾಂಕ್ರಿಯಾಸ್ ನೋಡಬೇಕಾದರೆ ಔಷಧಿ ಕೊಡಲು ಶುರುಮಾಡಿದ ಸುಮಾರು 40 ಸೆಕೆಂಡಿನ ಹೊತ್ತಿಗೆ ಒಂದು ಸಲ, 70 ಸೆಕೆಂಡಿನ ಹೊತ್ತಿಗೆ ಇನ್ನೊಂದು ಸಲ ಚಿತ್ರ ತೆಗೆಯುತ್ತಾರೆ. ಕಿಡ್ನಿಯಿಂದ ಬಂದ ಗಡ್ಡೆಗೆ ರಕ್ತ ಜಾಸ್ತಿ ಹರಿಯುತ್ತದೆ. ಹಾಗಾಗಿ ಮೊದಲ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ಎರಡನೆಯದರಲ್ಲಿ ಮಂಕಾಗಿ ಸುತ್ತಲಿನ ಭಾಗದಲ್ಲಿ ಬೆರೆತುಹೋಗಬಹುದು. ಪ್ಯಾಂಕ್ರಿಯಾಸ್‌ನಲ್ಲೇ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಹೆಚ್ಚಾಗಿ ಕಪ್ಪಗೆ ಕಾಣುತ್ತದೆ. ಹೊಟ್ಟೆಯ ಮಾಮೂಲಿ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಎರಡನೆಯ ಚಿತ್ರ ಮಾತ್ರ ತೆಗೆಯುತ್ತಾರೆ. ಹಳೆಯ ಕಿಡ್ನಿ ಕ್ಯಾನ್ಸರ್ ವಿಷಯ ಸ್ಕ್ಯಾನ್‌ಗೆ ಕಳಿಸುವ ಫಾರ್ಮಿನಲ್ಲಿ ಇದ್ದರೆ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡುವ ಡಾಕ್ಟರ್) ಮೊದಲನೆಯದನ್ನೂ ತೆಗೆಸಬಹುದು.

ಹೊಳೆಯುವ ಗಡ್ಡೆಗಳೆಲ್ಲ ಹರಡಿದ ಕ್ಯಾನ್ಸರ್ ಅಲ್ಲ. ಹಾರ್ಮೋನ್ ತಯಾರಿಸುವ ಕೋಶಗಳಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಯೂ ಹೆಚ್ಚಾಗಿ ಹಾಗೇ ಕಾಣುತ್ತದೆ. ಅನುಮಾನ ಉಳಿದರೆ ಎಂಡೋಸ್ಕೋಪ್ ಮೂಲಕ ಅಲ್ಟ್ರಾಸೌಂಡ್ ಮಾಡಿ ಚೂರು ತೆಗೆದು ಪರೀಕ್ಷಿಸುತ್ತಾರೆ. ಇಲ್ಲಿ ಒಬ್ಬ ಡಾಕ್ಟರ್ ಒಂಟಿಯಾಗಿ ತೀರ್ಮಾನ ಮಾಡುವುದಿಲ್ಲ. ಸರ್ಜನ್, ರೇಡಿಯಾಲಜಿಸ್ಟ್, ಆಂಕಾಲಜಿಸ್ಟ್ ಎಲ್ಲ ಕೂತು ಚರ್ಚಿಸುವ ಎಂಡಿಟಿ ಸಭೆ ನಡೆಯುತ್ತದೆ. ನಿಮ್ಮ ಊರಿನ ಬಯಾಪ್ಸಿ ರಿಪೋರ್ಟ್, ಹಳೆಯ ಸ್ಕ್ಯಾನ್ ಸಿಡಿ ಆ ಸಭೆಗೆ ಮೊದಲೇ ತಲುಪಿರಬೇಕು. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು.

ದಾರಿ ಹೀಗಿದೆ. ಜಿಪಿಗೆ ಅನುಮಾನ ಬಂದರೆ ತುರ್ತು ಕ್ಯಾನ್ಸರ್ ರೆಫರಲ್ ಕಳಿಸುತ್ತಾರೆ. ಕ್ಯಾನ್ಸರ್ ಇದೆಯೋ ಇಲ್ಲವೋ 28 ದಿನದೊಳಗೆ ಹೇಳಬೇಕು, ಇದ್ದರೆ ರೆಫರಲ್‌ನಿಂದ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಗುರಿ. ಎಲ್ಲರಿಗೂ ಇದು ಈಡೇರುತ್ತಿಲ್ಲ. ಪತ್ರ ಬರದಿದ್ದರೆ ಸಂಕೋಚ ಬೇಡ, ಫೋನ್ ಮಾಡಿ ಕೇಳಿ. ಸ್ಪೆಷಲಿಸ್ಟ್ ನರ್ಸ್ ಗೊತ್ತಾದ ಮೇಲೆ ಅವರ ನಂಬರ್ ಇಟ್ಟುಕೊಳ್ಳಿ, ಎಷ್ಟೋ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಾರೆ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ, ಒಂದೇ ಕಿಡ್ನಿ ಇದ್ದರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದರೆ ಸ್ಕ್ಯಾನ್‌ಗೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ವಿಷಯ ಬೇರೆ. ಜಿಪಿಯನ್ನು ಕಾಣಲು ದುಡ್ಡಿಲ್ಲ. ಆಸ್ಪತ್ರೆಯ ಸ್ಕ್ಯಾನ್ ಮತ್ತು ಚಿಕಿತ್ಸೆಗೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ದರದ 150% ಬಿಲ್ ಬರುತ್ತದೆ. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವಂತಿಲ್ಲ, ಆದರೆ ಬಿಲ್ ಆಮೇಲೆ ಬರುತ್ತದೆ.

ನಮ್ಮ ಕಡೆ ಹಿರಿಯರಿಗೆ ‘ಗಡ್ಡೆ ತೆಗೆದರು’ ಅಂತಷ್ಟೇ ಹೇಳಿ ಕ್ಯಾನ್ಸರ್ ಮುಚ್ಚಿಡುವುದುಂಟು, ಅಲ್ವಾ? ಇಲ್ಲಿನ ಡಾಕ್ಟರ್ ರೋಗಿಯ ಜೊತೆಗೇ ನೇರವಾಗಿ ಮಾತಾಡುತ್ತಾರೆ. ಮಕ್ಕಳ ಬದಲು ಕನ್ನಡ ದುಭಾಷಿಯನ್ನು ಕೇಳಿ, ಎನ್‌ಎಚ್‌ಎಸ್ ರೋಗಿಗಳಿಗೆ ಅದು ಉಚಿತ. ಅಪಾಯಿಂಟ್‌ಮೆಂಟ್ ಪತ್ರ ಬಂದ ದಿನವೇ ಕೇಳಿದರೆ ಒಳ್ಳೆಯದು.