ಮಷಿನ್ ಸೊನ್ನೆಗೆ ಬರೋವರೆಗೆ: ಅಂಗಡಿಯಲ್ಲೇ ಧ್ಯಾನ ಮಾಡಿದ ನನ್ನ ಅನುಭವ

ಉಸಿರನ್ನು ಗಮನಿಸೋದು ಹೇಗೆ ಅಂತ ನಾನಿಲ್ಲಿ ಹೇಳುವುದಿಲ್ಲ. ದಿನಾ ಬೆಳಗ್ಗೆ ಧ್ಯಾನಕ್ಕೆ ಕೂರುವವರಿಗೆ ಅದು ಗೊತ್ತೇ ಇದೆ. ನಾನು ಬರೆಯುತ್ತಿರುವುದು ಆ ಅರ್ಧ ಗಂಟೆ ಮುಗಿದ ಮೇಲೆ ಉಳಿಯುವ ಇಡೀ ದಿನದ ಬಗ್ಗೆ.

ದಾವಣಗೆರೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಬೆಳಗ್ಗೆ 7ಕ್ಕೆ ಷಟರ್ ಎತ್ತಿದರೆ ಇಳಿಸುವಾಗ ರಾತ್ರಿ 9 ದಾಟಿರುತ್ತದೆ. "ಭಾವ, ವ್ಯಾಪಾರ ಮಾಡ್ತೀರೋ ಧ್ಯಾನ ಮಾಡ್ತೀರೋ, ಯಾವುದಾದ್ರೂ ಒಂದು ಮಾಡಿ" ಅಂದಿದ್ದ ನನ್ನ ಭಾವಮೈದ. ಅವನದೂ ಕಿರಾಣಿಯೇ. ಈಗ ಅವನೇ "ಹೇಗೆ ಮಾಡಿದ್ರಿ, ಬರೆದುಕೊಡಿ" ಅನ್ನುತ್ತಿದ್ದಾನೆ.

ಮೊದಲು ಫೋನಿನಲ್ಲಿ ಒಂದು ಧ್ಯಾನದ ಆ್ಯಪ್ ಹಾಕಿಕೊಂಡೆ. ವರ್ಷಕ್ಕೆ ಸುಮಾರು 1,500 ರೂಪಾಯಿ ಕಟ್ಟಿದ್ದೆ. ಗಂಟೆಗೊಮ್ಮೆ ಟಿಂಗ್ ಅನ್ನುತ್ತಿತ್ತು. ಅದು ಟಿಂಗ್ ಅನ್ನುವ ಹೊತ್ತಿಗೆ ನನ್ನ ಕೈ ಬೆಲ್ಲದ ಡಬ್ಬದಲ್ಲಿ ಇರುತ್ತಿತ್ತು. ಆಮೇಲೆ ಸತ್ಯ, ತಾಳ್ಮೆ, ಕರುಣೆ ಅಂತ ಹತ್ತು ಮೌಲ್ಯಗಳನ್ನು ಬರೆದು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದೆ. ಹತ್ತು ಜಾಸ್ತಿಯಾಯಿತು. ತಿಂಗಳಾಗುವಷ್ಟರಲ್ಲಿ ಅದರ ಮೇಲೆ ಸೋಪಿನ ಕಂಪನಿಯ ಕ್ಯಾಲೆಂಡರ್ ಬಂತು.

ಬೆಂಗಳೂರಿನ ಹತ್ತಿರ ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಕ್ಕೂ ಹೋಗಿ ಬಂದೆ. ಅಲ್ಲಿ ಊಟಕ್ಕೂ ವಾಸಕ್ಕೂ ಶುಲ್ಕ ಇಲ್ಲ. ಹಿಂದೆ ಶಿಬಿರ ಮಾಡಿದವರು ಕೊಡುವ ದಾನದಲ್ಲೇ ನಡೆಯುತ್ತದೆ. ನಾನು ಅಂಗಡಿ ಮುಚ್ಚಿದ್ದರಿಂದ ಲಾಭದಲ್ಲಿ 20 ಸಾವಿರದ ಮೇಲೆ ಹೋಯಿತು. ಆದರೂ ಆ ದುಡ್ಡಿನ ಬಗ್ಗೆ ನನಗೆ ಬೇಸರ ಇಲ್ಲ, ಕೂರುವುದು ಗಟ್ಟಿಯಾದದ್ದು ಅಲ್ಲೇ. ವಾಪಸ್ ಬಂದ ವಾರದಲ್ಲೇ ಅಕ್ಕಿ ಚೀಲ ಕಡಿಮೆ ಇಳಿಸಿದ ಗಾಡಿಯವನ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಕಣ್ಣು ಮುಚ್ಚಿದಾಗ ಇದ್ದ ಎಚ್ಚರ ಗಲ್ಲಾದ ಹತ್ತಿರ ಇರಲಿಲ್ಲ.

ಥಿಚ್ ನ್ಹಾತ್ ಹಾನ್ ಎಂಬ ವಿಯೆಟ್ನಾಮಿನ ಗುರುಗಳು ಫ್ರಾನ್ಸಿನಲ್ಲಿ 1982ರಲ್ಲಿ ಶುರು ಮಾಡಿದ ಪ್ಲಮ್ ವಿಲೇಜ್‌ನಲ್ಲಿ ಒಂದು ರೂಢಿ ಇದೆ. ಗಂಟೆ ಬಾರಿಸಿದರೆ ಎಲ್ಲರೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಉಸಿರಿಗೆ ಬರುತ್ತಾರೆ. ಫೋನ್ ರಿಂಗಾದರೂ ಹಾಗೇ. ನನ್ನ ಅಂಗಡಿಯಲ್ಲೂ ಒಂದು ಗಂಟೆ ಇದೆಯಲ್ಲ ಅನ್ನಿಸಿತು. ಹಣ ಬಂತು ಅಂತ ಕೂಗುವ ಸ್ಪೀಕರ್! ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆದರೆ ಸಂಜೆ 6ರಿಂದ 8ರವರೆಗೆ ಅದು ಬಾಯಿ ಮುಚ್ಚುವುದೇ ಇಲ್ಲ, ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸ್ಪೀಕರ್ ಕೂಗುವುದು ಹಣ ಬಂದ ಮೇಲೆ. ತೂಕ ತಪ್ಪುವುದು, ಮಾತು ತಪ್ಪುವುದು ಅದಕ್ಕಿಂತ ಮುಂಚೆ. ಎಚ್ಚರ ಇರಬೇಕಾದದ್ದು ಮೌಲ್ಯ ಮುರಿಯುವ ಜಾಗದಲ್ಲಿ, ಅದೂ ಮುರಿಯುವುದಕ್ಕೆ ಒಂದು ಕ್ಷಣ ಮೊದಲು. ಇದು ಹೊಳೆದ ಮೇಲೆ ಹತ್ತು ಮೌಲ್ಯಗಳನ್ನು ಮೂರಕ್ಕೆ ಇಳಿಸಿದೆ: ತೂಕ, ಮಾತು, ಉದ್ರಿ. ಒಂದೊಂದಕ್ಕೂ ಕೈ ಮುಟ್ಟುವ ಒಂದು ವಸ್ತು ಗೊತ್ತು ಮಾಡಿಕೊಂಡೆ.

ತೂಕಕ್ಕೆ ಮಷಿನ್. ಖಾಲಿ ಕವರ್ ಇಡುತ್ತೇನೆ, ಅದರ ತೂಕ ಕಳೆಯುವ ಟೇರ್ ಗುಂಡಿ ಒತ್ತುತ್ತೇನೆ, ಸೊನ್ನೆ ಬರೋವರೆಗೆ ಒಂದು ಉಸಿರು ಪೂರ್ತಿ ಬಿಡುತ್ತೇನೆ. ಸಾಮಾನು ಹಾಕಿದ ಮೇಲೆ ಕೈ ತೆಗೆದು ಅಂಕಿ ನಿಲ್ಲುವುದನ್ನು ನೋಡುತ್ತೇನೆ. ಎರಡು ಮೂರು ಸೆಕೆಂಡ್ ಸಾಕು. ಕವರ್ ಸಮೇತ ತೂಗುವುದು ನಮ್ಮ ಕಡೆ ಮೊದಲಿಂದ ನಡೆದು ಬಂದದ್ದು, ಯಾರೂ ಕೇಳುವುದಿಲ್ಲ. ಪೇಪರ್ ಕವರ್ 8-10 ಗ್ರಾಂ ಬರುತ್ತದೆ. ತೊಗರಿಬೇಳೆಯ ಲೆಕ್ಕದಲ್ಲಿ ಒಂದೂವರೆ ರೂಪಾಯಿ. ದಿನಕ್ಕೆ 80-100 ಸಲ ತೂಗಿದರೆ ತಿಂಗಳಿಗೆ 3-4 ಸಾವಿರ ಆಯಿತಲ್ವಾ? ನನ್ನ ಹೆಂಡತಿ ಲೆಕ್ಕ ಹಾಕಿ, "ಇದು ಮಗಳ ಟ್ಯೂಷನ್ ಫೀಸು ರೀ" ಅಂದಳು. ಅವಳು ಹೇಳಿದ್ದು ನಿಜವೇ.

ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಗಂಡ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಅವಳು ಅದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು. ಚಿಕ್ಕವನಿದ್ದಾಗ ಈ ಕಥೆಯನ್ನು ಆಸೆ ಬೇಡ ಅನ್ನುವ ಬುದ್ಧಿಮಾತು ಅಂತ ಕೇಳಿದ್ದೆ. ಈಗ ನನಗೆ ಕಾಣುವುದು ಅವಳ ಗಮನ. ಇವತ್ತಿನ ಅಕ್ಕಿ ಜಾಸ್ತಿ ಅಂತ ನೋಡಿದ ತಕ್ಷಣ ಗೊತ್ತಾಯಿತಲ್ಲ, ನಾನು ಹುಡುಕುತ್ತಿದ್ದದ್ದು ಅದನ್ನೇ.

ಮಾತಿಗೆ ಚೀಲ. "ಹಳೇ ಅಕ್ಕೀನಾ ಅಣ್ಣಾ?" ಅಂತ ಕೇಳಿದರೆ ಉತ್ತರ ಹೇಳುವ ಮೊದಲು ಕೈ ಚೀಲದೊಳಗೆ ಹೋಗಬೇಕು. ಕಾಳು ಬೆರಳಿಗೆ ತಾಗುತ್ತಿರುವಾಗ ಸುಳ್ಳು ಬಾಯಿಗೆ ಸುಲಭವಾಗಿ ಬರುವುದಿಲ್ಲ. "ಆರು ತಿಂಗಳದ್ದು, ವರ್ಷ ಆಗಿಲ್ಲ, ನೀರು ಸ್ವಲ್ಪ ಕಡಿಮೆ ಇಡಿ" ಅನ್ನುತ್ತೇನೆ. ಕೆಲವರು ಪಕ್ಕದ ಅಂಗಡಿಗೆ ಹೋದರು. ಹೋದವರಲ್ಲಿ ಬಹಳ ಜನ ವಾಪಸ್ ಬಂದರು.

ಉದ್ರಿ ಎಲ್ಲಕ್ಕಿಂತ ಕಷ್ಟ. ಬಾಕಿ ಇಟ್ಟವರು ಎದುರಿಗೆ ಬಂದರೆ ನನ್ನ ಎದೆ ಬಿಸಿಯಾಗುತ್ತಿತ್ತು. ನಾಲ್ಕು ಜನರ ಮುಂದೆ ಯಾರನ್ನೂ ಸಣ್ಣ ಮಾಡಬಾರದು ಅನ್ನುವುದು ನನ್ನ ಮೌಲ್ಯ, ಆದರೆ ಬಾಯಿ ಅವರನ್ನು ಸಣ್ಣ ಮಾಡಿಯೇ ಬಿಡುತ್ತಿತ್ತು. ಈಗ ಮುಚ್ಚಿದ ಖಾತೆ ಪುಸ್ತಕದ ಮೇಲೆ ಎರಡೂ ಅಂಗೈ ಇಟ್ಟು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಆ ಬಿಸಿ ಇಳಿದ ಮೇಲೆ ಪುಸ್ತಕ ತೆಗೆಯುತ್ತೇನೆ. ಆಮೇಲೆ ಹೇಳುವ ಮೊದಲ ಮಾತು ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಹಳ ದಿನ ತಿದ್ದಿ ತಿದ್ದಿ ಸಿಕ್ಕಿದ ಮಾತು ಅದು, ಭಾವಮೈದನಿಗೂ ಹೇಳಿಲ್ಲ. 90 ಸಾವಿರದ ಹತ್ತಿರ ಇದ್ದ ಬಾಕಿ ಒಂದೂವರೆ ವರ್ಷದಲ್ಲಿ ಅರ್ಧಕ್ಕೆ ಬಂತು. ಜಗಳ ಒಂದೂ ಆಗಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಂತು ನೋಡಿದೆ, ಸುಮ್ನೆ ಕಾಲು ನೋವು ಬಂತು. ಸೋಮವಾರ ಫೋನ್ ಆಫ್ ಮಾಡಿದೆ, ಸಾಮಾನು ಕಳಿಸುವವರು ಪರದಾಡಿದರು. ಚೆನ್ನಾಗಿ ಆದದ್ದು ನಮ್ಮ ಅಂಗಡಿ ಹುಡುಗನದು. ಸಕ್ಕರೆಯನ್ನು ಅರ್ಧ ಕೆಜಿ ಪ್ಯಾಕ್ ಮಾಡುವಾಗ ಮೊಬೈಲ್ ಪಕ್ಕಕ್ಕಿಟ್ಟು ಕೈಯನ್ನೇ ನೋಡು ಅಂದೆ. ಮೊದಲು ಚಮಚದಲ್ಲಿ ಮೊಗೆದಾಗ 20 ಗ್ರಾಂ ಹೆಚ್ಚು ಕಡಿಮೆ ಆಗುತ್ತಿತ್ತು. ಈಗ ಮಷಿನ್ ನೋಡುವ ಮೊದಲೇ 5 ಗ್ರಾಂ ಒಳಗೆ ತರುತ್ತಾನೆ. ಪೇಟೆಯಲ್ಲಿ ಅಂಥ ಕೈ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ತಿಂಗಳ ವ್ಯಾಪಾರ ನಾಲ್ಕೂವರೆ ಲಕ್ಷ ಇದ್ದದ್ದು ಐದು ದಾಟಿದೆ. ಹತ್ತಿರದಲ್ಲಿ ಹೊಸ ಲೇಔಟ್ ಬಂದದ್ದೂ ಒಂದು ಕಾರಣ. ಆದರೆ ಆ ಲೇಔಟಿನವರು ಎರಡು ಅಂಗಡಿ ದಾಟಿ ಬೇಳೆಗೆ ನನ್ನ ಹತ್ತಿರ ಬರುತ್ತಾರೆ. ಕವರಿನ 3-4 ಸಾವಿರವನ್ನು ನಾನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಶುರು ಮಾಡುವವರು ಮೊದಲ ತಿಂಗಳು ತೂಕ ಒಂದನ್ನೇ ಹಿಡಿಯಿರಿ, ಉದ್ರಿಗೆ ಕೈ ಹಾಕಬೇಡಿ. ಯುಗಾದಿ, ಗೌರಿ ಗಣೇಶದ ವಾರದಲ್ಲಿ ಹೊಸದೇನೂ ಬೇಡ. ಮಷಿನ್‌ಗೆ ತೂಕ ಮತ್ತು ಅಳತೆ ಇಲಾಖೆಯ ಆ ವರ್ಷದ ಮುದ್ರೆ ಬಿದ್ದಿದೆಯಾ ನೋಡಿಕೊಳ್ಳಿ. ಫ್ಯಾನಿನ ಕೆಳಗಿದ್ದರೆ ಜಾಗ ಬದಲಿಸಿ, ಗಾಳಿಗೆ ಅಂಕಿ ಅಲ್ಲಾಡುತ್ತಿದ್ದರೆ ನೀವು ಎಷ್ಟು ಉಸಿರು ಬಿಟ್ಟರೂ ಸೊನ್ನೆ ನಿಲ್ಲುವುದಿಲ್ಲ.